ಬೊಂಡದ ಅನುದಾನ

ಹೊಳೆಗೆ ಅಡ್ಡ ಹಾಕಿದ್ದು ಒಂದೇ ಅಡಿಕೆ ಮರ. ಎರಡು ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗುತ್ತಿಗಾರಿನಿಂದ ಆಚೆ, ಕಾಡಿಗೆ ತಾಗಿದ ಆ ಊರನ್ನು ಹೊಳೆ ಎರಡು ಮಾಡಿತ್ತು. ಈಚೆ ದಡದಲ್ಲಿ ಬೇಸಾಯಗಾರ ಡೊಂಬಯ್ಯ ಗೌಡರ ಮನೆ, ಆಚೆ ದಡದಲ್ಲಿ ಒಣಮೀನಿನ ವ್ಯಾಪಾರಿ ಮೂಸಕುಂಞಿಯ ಮನೆ. ಒಂದು ಬೆಳಿಗ್ಗೆ ಬಾಳೆಗೊನೆ ಹೊತ್ತ ಗೌಡರೂ ಮೀನಿನ ಬುಟ್ಟಿ ಹೊತ್ತ ಮೂಸಕುಂಞಿಯೂ ಹೊಳೆ ದಾಟುವ ಆ ಒಂಟಿಮರದ ಸಂಕದ ನಟ್ಟನಡುವೆ ಎದುರಾದರು. ಹಿಂದೆ ಹೋಗಿ ಎಂದು ಇವರು, ನೀವೇ ಹೋಗಿ ಎಂದು ಅವರು. ಕೊನೆಗೆ ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ಇಬ್ಬರೂ ಕೆಳಗೆ ಹೋದರು. ಗೌಡರ ಕಾಲು ಉಳುಕಿತು. ಒಣಗಿದ್ದ ಮೀನು ಪುನಃ ನೀರು ಸೇರಿತು. ಅಂದಿನಿಂದ ಆ ದಡಕ್ಕೂ ಈ ದಡಕ್ಕೂ ಮಾತಿಲ್ಲ.

ಈ ಜಗಳದಿಂದ ಸಂತೋಷಪಟ್ಟವನು ಒಬ್ಬನೇ, ಗ್ರಾಮಸೇವಕ ತಿರುಮಲೇಶ್ವರ. ಪುತ್ತೂರು ಪೇಟೆಯಲ್ಲಿ ಬೆಳೆದ ಅವನು ತನ್ನ ಹೆಸರಿನಷ್ಟು ಉದ್ದವಿರಲಿಲ್ಲ. ಈಜಂತೂ ಬರುತ್ತಲೇ ಇರಲಿಲ್ಲ. ದಿನವೂ ಆ ಸಂಕವನ್ನು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಬಿಟ್ಟ ಬೆಕ್ಕಿನಂತೆ, ಕೈಕಾಲು ನಾಲ್ಕನ್ನೂ ಊರಿ ದಾಟುತ್ತಿದ್ದ. ಅಂಥವನಿಗೆ ಬ್ಲಾಕ್ ಆಫೀಸಿನಲ್ಲಿ ಒಂದು ಸುದ್ದಿ ಸಿಕ್ಕಿತು. ಜಗಳವಾಡಿದ ಊರು ಒಂದಾದರೆ ಸರಕಾರ ಸೌಹಾರ್ದ ಅನುದಾನ ಕೊಡುತ್ತದೆ. ಜಗಳದಲ್ಲಿ ನೊಂದವರಿಗೆ ಪರಿಹಾರ, ಇಲ್ಲವೇ ಊರಿಗೊಂದು ಕಾಮಗಾರಿ, ಎರಡರಲ್ಲಿ ಒಂದು. ಆದರೆ ರಾಜಿ ಮಾತ್ರ ಅಧಿಕಾರಿಯ ಕಣ್ಣೆದುರೇ ಆಗಬೇಕು. ತಿರುಮಲೇಶ್ವರ ಅಂದೇ ಕನಸಿನಲ್ಲಿ, ಹಲಗೆಯ ಹಾಸೂ ಎರಡೂ ಬದಿಗೆ ಹಿಡಿಕೆಯೂ ಇರುವ ಸಂಕದ ಮೇಲೆ ಕೈ ಬೀಸಿಕೊಂಡು ನಡೆದ.

ಅಧಿಕಾರಿ ಬರುವ ದಿನ ಬೆಳಿಗ್ಗೆ ಅವನು ಗೌಡರ ಮನೆಗೆ ಹೋದರೆ, ಜಗಲಿಯಲ್ಲಿ ಗೌಡರೂ ಮೂಸಕುಂಞಿಯೂ ಒಂದೇ ತಟ್ಟೆಯಿಂದ ವೀಳ್ಯ ಹಾಕಿಕೊಳ್ಳುತ್ತಿದ್ದರು.

ಅಧಿಕಾರಿ ಬರುವ ಮೊದಲೇ ರಾಜಿಯಾಗಿಹೋಗಿತ್ತು. ವಿಷಯ ಸಣ್ಣದು. ಉಳುಕು ತೆಗೆಯುವುದರಲ್ಲಿ ಮೂಸಕುಂಞಿಯ ತಾಯಿ ಕದೀಜಮ್ಮನದು ಎತ್ತಿದ ಕೈ. ನೋವು ತಡೆಯಲಾರದೆ ಗೌಡರು ನಿನ್ನೆ ಸಂಜೆ ಆಚೆ ದಡಕ್ಕೆ ಹೋಗಿದ್ದರು; ಕಾಲಿನ ಉಳುಕಿನ ಜೊತೆಗೆ ಮನಸ್ಸಿನದೂ ಬಿಟ್ಟುಹೋಗಿತ್ತು.

"ಇವತ್ತೊಂದು ದಿನ ಜಗಳದಲ್ಲಿರಿ ಮಾರಾಯ್ರೆ" ಎಂದು ತಿರುಮಲೇಶ್ವರ ಕೈ ಮುಗಿದ.

"ಮುಗಿದ ಜಗಳವನ್ನು ಪುನಃ ಎಲ್ಲಿಂದ ಸುರು ಮಾಡುದು?" ಎಂದರು ಗೌಡರು. "ನನಗೀಗ ಸಿಟ್ಟೇ ಬರುದಿಲ್ಲ."

"ಗೌಡ್ರ ಮೋರೆ ನೋಡಿದ್ರೆ ನನಗೆ ನಗು ಬರ್ತದೆ ಸೇವಕ್ರೆ" ಎಂದ ಮೂಸಕುಂಞಿ.

ಗೌಡರ ಹೆಂಡತಿ ಶೀಲಾವತಿ ಒಳಗಿನಿಂದಲೇ ಉಪಾಯ ಹೇಳಿಕೊಟ್ಟಳು. "ಮಾತೇ ಬೇಡ. ನನ್ನ ಹತ್ರ ಜಗಳ ಆದಾಗ ಇವರು ಕೂರುದಿಲ್ವಾ, ಹಾಗೆ ಸುಮ್ಮನೆ ಮೋರೆ ತಿರುಗಿಸಿ ಕೂತರಾಯ್ತು."

ಅದು ಒಪ್ಪಿಗೆಯಾಯಿತು. ತಿರುಮಲೇಶ್ವರ ಅಷ್ಟಕ್ಕೇ ಬಿಡಲಿಲ್ಲ. ಅಧಿಕಾರಿ ಪರಿಹಾರದ ಮಾತೆತ್ತಿದರೆ ಸಂಕ ಕೈ ತಪ್ಪುತ್ತದೆ. ಆದ್ದರಿಂದ ಏನು ಕೊಡುತ್ತೇನೆಂದರೂ ಬೇಡ ಎನ್ನಬೇಕು ಎಂದು ಎರಡೂ ಮನೆಗಳಿಗೆ ಪಾಠ ಮಾಡಿದ. ಬ್ಯಾರಿ ಭಾಷೆಯೊಂದನ್ನು ಬಿಟ್ಟು ಬೇರೆ ಆಡದ ಕದೀಜಮ್ಮನಿಗೆ ಮಗನೇ ಅದನ್ನು ತಿಳಿಸಿ ಹೇಳಿದ. ಆಕೆ ತಲೆಯಾಡಿಸಿದಳು.

ಅಧಿಕಾರಿ ಘಟ್ಟದ ಮೇಲಿನವರು, ಹೊಸಬರು, ಉದ್ದ ಕಾಲಿನ ಉತ್ಸಾಹಿ. ಹೋದಲ್ಲಿ ಜನರ ಮಾತು ಕಲಿಯಬೇಕೆಂಬುದು ಅವರ ವ್ರತ. ಜೀಪಿನಿಂದ ಇಳಿದು ನಡೆದು ದಣಿದಿದ್ದ ಅವರಿಗೆ ಗೌಡರ ಅಂಗಳದಲ್ಲಿ ಎಳನೀರು ಕೊಟ್ಟಾಯಿತು.

"ಇದಕ್ಕೆ ಈ ಕಡೆ ಏನಂತೀರಿ?"

"ಬೊಂಡ, ಸಾರ್."

"ಬೊಂಡ" ಎಂದರು ಅಧಿಕಾರಿ. ಹೊಳೆಯವರೆಗೂ, ಪಾಠ ಒಪ್ಪಿಸಲು ಹೊರಟ ಹುಡುಗನಂತೆ, ಬೊಂಡ ಬೊಂಡ ಎನ್ನುತ್ತಲೇ ಬಂದರು.

ಹೊಳೆಯ ಬದಿಯಲ್ಲಿ ಗೌಡರೂ ಮೂಸಕುಂಞಿಯೂ ಹೇಳಿಕೊಟ್ಟ ಹಾಗೆ ಬೆನ್ನು ಹಾಕಿ ಕೂತಿದ್ದರು. ಅಧಿಕಾರಿ ಸೌಹಾರ್ದದ ಬಗ್ಗೆ ಎರಡು ಮಾತು ಆಡುವುದರೊಳಗೆ ಇಬ್ಬರೂ ತಡೆಯಲಾರದೆ ನಕ್ಕು ಎದ್ದು ಕೈ ಹಿಡಿದುಕೊಂಡರು. ಅಧಿಕಾರಿಗೆ ತಮ್ಮ ಭಾಷಣದ ಮೇಲೆ ಬಹಳ ಗೌರವ ಬಂತು. ಜಗಳ ಹೇಗಾಯಿತು, ತೋರಿಸಿ ಎಂದರು.

ಗೌಡರು ಈಚೆಯಿಂದ ಬಂದರು. ಆಚೆ ದಾಟಿದ್ದ ಮೂಸಕುಂಞಿ ಅಲ್ಲಿಂದ ಹೊರಟ. ಸಂಕ ಎಷ್ಟು ಸಪುರ, ಒಂದು ಪಾದವೂ ಹಿಡಿಸದು ಎಂದು ಬೆರಳು ಮಾಡಿ ತೋರಿಸಲು ತಿರುಮಲೇಶ್ವರ ಧೈರ್ಯ ಮಾಡಿ ನಡುವೆ ನಿಂತಿದ್ದ.

"ನೀವು ಮೊದಲು ಬನ್ನಿ ಮೂಸಾಕ" ಎಂದು ಗೌಡರು ಹಿಂದೆ ಸರಿದರು.

"ಛೆ, ನಿಮ್ಮ ಕಾಲಿನ ಉಳುಕು ಇನ್ನೂ ಹಸಿ ಉಂಟು. ನೀವೇ ಬನ್ನಿ ಗೌಡ್ರೆ" ಎಂದು ಅವನೂ ಸರಿದ.

ಒಬ್ಬರ ಮರ್ಯಾದೆಗೆ ಮರ ಆಚೆ ವಾಲಿತು, ಇನ್ನೊಬ್ಬರ ಮರ್ಯಾದೆಗೆ ಈಚೆ ವಾಲಿತು. ನಡುವೆ ಇದ್ದ ತಿರುಮಲೇಶ್ವರ ಮಾಗಿದ ಹಲಸಿನಂತೆ ಹೊಳೆಗೆ ಬಿದ್ದ. ಮಾಜಿ ವೈರಿಗಳಿಬ್ಬರೂ ಹಾರಿ, ಒಬ್ಬ ಜುಟ್ಟು, ಇನ್ನೊಬ್ಬ ಕಾಲು ಹಿಡಿದು ಅವನನ್ನು ಈಚೆ ದಡಕ್ಕೆ ಎಳೆದು ಹಾಕಿದರು. ಹೊಟ್ಟೆ ಒತ್ತಿ ನೀರು ತೆಗೆದದ್ದಾಯಿತು, ಶೀಲಾವತಿ ಕೊಟ್ಟ ಗೌಡರ ಪಂಚೆ ಉಟ್ಟದ್ದಾಯಿತು. ಅಷ್ಟರಲ್ಲಿ ಅಧಿಕಾರಿ ಕೊಕ್ಕರೆಯಂತೆ ನಾಲ್ಕು ಹೆಜ್ಜೆ ಹಾಕಿ ಆಚೆ ದಾಟಿ, ಮೂಸಕುಂಞಿಯ ಜಗಲಿಯಲ್ಲಿ ಕದೀಜಮ್ಮನ ಎದುರು ಕುಳಿತಿದ್ದರು.

ಮೂವರೂ ಅಲ್ಲಿ ಮುಟ್ಟಿದಾಗ ಅಧಿಕಾರಿಯ ಕಣ್ಣು ಒದ್ದೆಯಾಗಿತ್ತು.

"ಎಂಥ ಜನ ತಿರುಮಲ. ಸರಕಾರ ನಿಮಗೇನು ಕೊಡಲಿ ಅಂತ ಈ ತಾಯಿಯನ್ನು ಕೇಳಿದೆ. ಬೊಂಡ ಅಂದರು. ಅಷ್ಟೇ ಸಾಕಾ ಅಂದೆ. ಬೊಂಡ, ಬೊಂಡ ಅಂತ ಕೈ ಮುಗಿದುಬಿಟ್ಟರು. ಅನುದಾನ ಪೂರ್ತಿ ತೆಂಗಿನ ಸಸಿಗೆ ಅಂತ ತೀರ್ಮಾನ ಮಾಡಿದೆ."

ಮೂಸಕುಂಞಿ ತಿರುಮಲೇಶ್ವರನ ಕಿವಿಯ ಹತ್ತಿರ ಬಂದ. "ನನ್ನ ಉಮ್ಮ ನೀವು ಹೇಳಿಕೊಟ್ಟದ್ದನ್ನೇ ಹೇಳಿದ್ದು ಸೇವಕ್ರೆ. ನಮ್ಮ ಭಾಷೆಯಲ್ಲಿ ಬೋಂಡ ಅಂದ್ರೆ ಬೇಡ."

ಕದೀಜಮ್ಮನಿಗೆ ಏನೂ ಬೇಡವಂತೆ ಎಂದಷ್ಟೇ ತಿರುಮಲೇಶ್ವರ ಅಧಿಕಾರಿಗೆ ಅರಿಕೆ ಮಾಡಿದ.

"ಬೇಡವಾ?" ಅಧಿಕಾರಿಯ ಹುಬ್ಬು ಮೇಲೇರಿತು. "ಹಾಗಾದರೆ ಅನುದಾನ ವಾಪಸು ಕಳಿಸಿಬಿಡ್ತೀನಿ."

"ಅಲ್ಲ ಸಾರ್, ಸಂಕ..."

"ಆ ಸಂಕ ಮುಟ್ಟಲೇಬಾರದು. ನೀವೇ ನೋಡಿದಿರಲ್ಲ, ಒಬ್ಬರಿಗೊಬ್ಬರು ದಾರಿ ಬಿಡೋದನ್ನು ಈ ಊರಿಗೆ ಕಲಿಸಿದ್ದೇ ಅದು. ಅಗಲ ಮಾಡಿದರೆ ಸೌಹಾರ್ದ ಎಲ್ಲಿ ಉಳೀತು?"

ಸಸಿಯ ವಿಷಯ ಕೇಳಿದ ಗೌಡರು ತಿರುಮಲೇಶ್ವರನ ಪಂಚೆ, ಅಂದರೆ ತಮ್ಮದೇ ಪಂಚೆ, ಹಿಂದಿನಿಂದ ಜಗ್ಗಿದರು. "ಬರುದನ್ನು ಯಾಕೆ ನಿಲ್ಲಿಸುದು ಮಾರಾಯ? ಸಂಕ ಮತ್ತೆ ನೋಡುವ."

"ಸಸಿಯೇ ಆಗಲಿ ಸಾರ್" ಎಂದ ತಿರುಮಲೇಶ್ವರ. ಅಧಿಕಾರಿ ಮುಂದುವರಿಸಿದರು: ಸಸಿಗಳ ಲಾರಿ ನಾಳೆ ಗುತ್ತಿಗಾರಿಗೆ ಬರುತ್ತದೆ, ಅಲ್ಲಿಂದ ಹೊಳೆ ದಾಟಿಸಿ ನೆಡಿಸುವುದು ಗ್ರಾಮಸೇವಕರ ಜವಾಬ್ದಾರಿ.

ತಲೆಯ ಮೇಲೆ ತೆಂಗಿನ ಸಸಿ, ಕಾಲ ಕೆಳಗೆ ಒಂದೇ ಅಡಿಕೆ ಮರ. ಅದನ್ನು ನೆನೆದೇ ತಿರುಮಲೇಶ್ವರ ಜಗಲಿಯ ಕಂಬಕ್ಕೆ ಒರಗಿದ. ಒಳಗಿನಿಂದ ಯಾರೋ ಎಳನೀರು ತಂದಿಟ್ಟರು. ಅಧಿಕಾರಿಗೆ ಅವನ ಮೇಲೆ ಮರುಕ ಹುಟ್ಟಿತು.

"ಬಹಳ ದಣಿದಿದ್ದೀರಿ. ಒಂದು ಕುಡೀತೀರಾ?"

ತಿರುಮಲೇಶ್ವರನ ಹೊಟ್ಟೆಯಲ್ಲಿ ಇನ್ನೂ ಅರ್ಧ ಹೊಳೆ ಇತ್ತು. ಕದೀಜಮ್ಮನ ಮುಖ ಕಂಡು, ಆ ದಿನ ಹೊಸದಾಗಿ ಕಲಿತ ಮಾತೇ ಅವನ ಬಾಯಿಗೆ ಬಂತು.

"ಬೋಂಡ" ಎಂದ.

ಅಧಿಕಾರಿಯ ಮುಖ ಅರಳಿತು. ಒಳಕ್ಕೆ ತಿರುಗಿ ಹೇಳಿದರು:

"ಇವರಿಗೆ ಎರಡು ಕೆತ್ತಿ."