ಮೊದಲು ನೆಲ, ಆಮೇಲೆ ಮನೆ

ನಮ್ಮ ಕಾಕಾ ಮನೆ ಕಟ್ಟಿಸಿದರು ಎಂದು ಯಾರಾದರೂ ನಿಮಗೆ ಹೇಳಿದರೆ ಪೂರ್ತಿ ನಂಬಬೇಡಿ. ಅವರು ಕಟ್ಟಿದ್ದು ಗುಡ್ಡ. ಅದೂ ಕಂಪ್ಯೂಟರಿನೊಳಗೆ! ಮನೆ ಏನಿದ್ದರೂ ಆಮೇಲೆ, ಹೇಗೂ ಗುಡ್ಡದ ಮೇಲೆ ಜಾಗ ಉಳಿದಿದೆಯಲ್ಲ ಅಂತ ಕಟ್ಟಿದ್ದು.

ಇಡೀ ಆಂಧ್ರಕ್ಕೆ ಹೈದರಾಬಾದೇ ರಾಜಧಾನಿಯಾಗಿದ್ದ ಕಾಲ. ಕಾಕಾ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಬೋಲ್ಟು, ನಟ್ಟುಗಳ ನಕ್ಷೆ ಬರೆದು ನಿವೃತ್ತರಾಗಿದ್ದರು. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಅವರ ಹೆಂಡತಿ, ನಮ್ಮ ಕಾಕುವಿನ ಮೊಣಕಾಲುಗಳು ಹೋಗಿಬಿಟ್ಟಿದ್ದವು. ಆಕೆ ಕೆಳಗಿಳಿಯಬೇಕೆಂದರೆ ಮುಂದೊಬ್ಬರು, ಹಿಂದೊಬ್ಬರು ಹಿಡಿದು ಪಲ್ಲಕ್ಕಿ ಇಳಿಸಿದಂತೆ ಇಳಿಸಬೇಕಿತ್ತು. ಆಕೆಗೆ ಅದೊಂದು ದೊಡ್ಡ ಅವಮಾನ.

"ನನಗ ಬಂಗ್ಲೆ ಬ್ಯಾಡ್ರಿ," ಎಂದಿದ್ದರು ಕಾಕು. "ಯಾರ ಕೈನೂ ಹಿಡೀಲಾರದ ಬಾಗಿಲದಿಂದ ರಸ್ತಾಕ್ಕ ಹೋಗಿ ಬರೂ ಹಂಗ ಒಂದ ಮನಿ ಆದ್ರ ಸಾಕು."

ಇಂಥ ಮಾತು ಕೇಳಿದ ಗಂಡ ಏನು ಮಾಡಬೇಕು ಹೇಳಿ? ಸಪಾಟಾದ ಜಾಗ ಕೊಳ್ಳಬೇಕು. ನಮ್ಮ ಕಾಕಾ ಶಂಶಾಬಾದಿನ ಆಚೆ, ಒಂದು ಅಂಚು ಇನ್ನೊಂದಕ್ಕಿಂತ ಆಳೆತ್ತರ ಮೇಲಿರುವ ಇಳಿಜಾರಿನ ಪ್ಲಾಟು ಕೊಂಡರು! ಕೇಳಿದ್ದಕ್ಕೆ, "ಸಪಾಟ ಜಾಗಾದಾಗ ಯಾರ ಬೇಕಾದ್ರೂ ಮನಿ ಕಟ್ತಾರ. ಅದರಾಗೇನ ಮಜಾ ಐತಿ?" ಎಂದರು.

ನಾನು ಆಗ ಅವರ ಮನೆಯಲ್ಲೇ ಇದ್ದುಕೊಂಡು ಕೊಂಡಾಪುರದ ಒಂದು ಆರ್ಕಿಟೆಕ್ಟ್ ಆಫೀಸಿಗೆ ಹೋಗುತ್ತಿದ್ದೆ. ಜಮೀನಿನ ಏರುತಗ್ಗನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ಮಣ್ಣು ಜಾರದಂತೆ ತಡೆಗೋಡೆ ನಿಲ್ಲಿಸುವುದನ್ನು ಅವರಿಗೆ ಕಲಿಸಿಕೊಟ್ಟವಳು ನಾನೇ. ಕಲಿಸಿದ ಕೆಲವೇ ದಿನಕ್ಕೆ ಆಫೀಸಿಗೆ ಫೋನು ಬಂತು. "ಲಗೂನ ಬಾ!"

ಹೋಗಿ ನೋಡುತ್ತೇನೆ, ಪರದೆಯ ಮೇಲೆ ಇನ್ನೊಂದು ಗೋಲ್ಕೊಂಡ! ಸರ್ವೇಯವನು ಎತ್ತರಗಳನ್ನು ಫೂಟಿನಲ್ಲಿ ಕೊಟ್ಟಿದ್ದ. ಕಾಕಾ ಅವನ್ನೇ ಮೀಟರ್ ಎಂದು ಬಡಿದಿದ್ದರು. ಆಳೆತ್ತರದ ಇಳಿಜಾರು ಮೂರಾಳೆತ್ತರ ಎದ್ದು ನಿಂತಿತ್ತು. ಅದಕ್ಕೆ ಹೆದರಿದರೇ? ಇಲ್ಲ! ಸಾಲುಸಾಲಾಗಿ ತಡೆಗೋಡೆ ಕಟ್ಟಿ, ಬುರುಜೊಂದು ಬಾಕಿ ಇಟ್ಟುಕೊಂಡು ಕೂತಿದ್ದರು.

"ಕಾಕಾ, ಇವು ಫೂಟು. ಮೀಟರಲ್ಲ."

ಕಾಕಾ ಪರದೆಯ ಗೋಡೆಗಳನ್ನೆಲ್ಲ ಒಂದೊಂದಾಗಿ ನೋಡಿದರು. ಕೊನೆಗೆ, "ಹಂಗಾದ್ರ ಇಷ್ಟ ಚಂದನ ಗ್ವಾಡಿ ಎಲ್ಲಾ ತಗೀಬೇಕೇನು?" ಎಂದರು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖವಾಗಿತ್ತು ಅದು.

ಈಗ ಅವರು ನನಗೇ ಹೇಳುವ ಪಾಠ ಊಟದ ತಟ್ಟೆಯಲ್ಲೂ ನಡೆಯುತ್ತಿತ್ತು. ಅನ್ನದ ಗುಡ್ಡ, ಅದಕ್ಕೆ ಅಡ್ಡವಾಗಿ ರೊಟ್ಟಿಯ ತಡೆಗೋಡೆ, ಮೇಲಿಂದ ಸಾರು. "ನೋಡು ಮಗಳ, ಗ್ವಾಡಿ ಕೆಡವೂದು ಮಣ್ಣಲ್ಲ, ಹಿಂದ ನಿಂತ ನೀರು. ಅದಕ್ಕ ತೂತ ಇಡಬೇಕು," ಎಂದು ರೊಟ್ಟಿಗೆ ಬೆರಳು ಚುಚ್ಚಿದರೆ ಸಾರು ನೇರವಾಗಿ ಶೇಂಗಾ ಚಟ್ನಿಗೆ! ಕಾಕುವಿಗೆ ರೇಗಿತು. "ಸುಮ್ನ ಊಟಾ ಮಾಡ್ರಿ. ಇಲ್ಲಾಂದ್ರ ಎದ್ದು ಪ್ಲಾಟಿಗೆ ಹೋಗ್ರಿ." ಕಾಕಾ ಗುಡ್ಡ, ಗೋಡೆ ಎರಡನ್ನೂ ತಿಂದು ಮುಗಿಸಿ ನಿಜವಾಗಿಯೂ ಪ್ಲಾಟಿಗೆ ಹೋದರು.

ಸರ್ವೇಯವನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ತಪ್ಪು ಯಾರದೆಂದು ಕೇಳಬೇಡಿ! ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪನ್ನು ತಾವೇ ತಂದರು. ಮನೆಗೆ ಬಂದ ಅತಿಥಿಗಳೆಲ್ಲ ಚಹಾ ಮುಗಿಸಿ ಪ್ಲಾಟಿಗೆ ಹೋಗಿ ಅದರ ಒಂದು ತುದಿ ಹಿಡಿಯಲೇಬೇಕು. ಗುಲ್ಬರ್ಗಾದಿಂದ ನನ್ನನ್ನು ನೋಡಲು ಬಂದ ಹುಡುಗನನ್ನೂ ಬಿಡಲಿಲ್ಲ. ಅವನನ್ನು ಬಿಸಿಲಲ್ಲಿ ನಿಲ್ಲಿಸಿ, "ಅಳ್ಳಾಡಬ್ಯಾಡ್ರಿ," ಎಂದು ತಾವು ಇನ್ನೊಂದು ತುದಿ ಹಿಡಿದು ಇಳಿಜಾರಿನ ಕೆಳಗೆ ಹೋದರು.

"ಹುಡುಗಿ ನೋಡೂದು ಯಾವಾಗರಿ?" ಎಂದು ಅವನ ತಾಯಿ ಕೊಡೆಯ ಕೆಳಗಿನಿಂದ ಕೇಳುತ್ತಲೇ ಇದ್ದರು.

ಸಂಜೆ ಕಾಕಾ ತೀರ್ಪು ಕೊಟ್ಟರು. "ಕೈ ನಡುಗಲಿಲ್ಲ. ಮಾಡ್ಕೋ." ಮಾಡಿಕೊಂಡೆ. ನಮ್ಮ ಯಜಮಾನರು ಇವತ್ತಿಗೂ ಏನು ಹಿಡಿಯಲು ಕೊಟ್ಟರೂ ಬೇರೆ ಕೆಲಸ ಹೇಳುವವರೆಗೆ ಹಿಡಿದು ನಿಂತಿರುತ್ತಾರೆ.

ಅಂತೂ ಒಂದು ದಿನ ಗುಡ್ಡ ತಯಾರಾಯಿತು. ಎಂಥ ಗುಡ್ಡವದು! ರಸ್ತೆಯಿಂದ ಬಾಗಿಲಿನವರೆಗೆ ಒಂದೇ ಸಮನೆ ಏರುವ ದಾರಿ, ನಡುವೆ ಒಂದೇ ತಿರುವು, ಪಕ್ಕದಲ್ಲಿ ತಡೆಗೋಡೆ, ಎಲ್ಲಿಯೂ ಒಂದು ಮೆಟ್ಟಿಲಿಲ್ಲ. ಕಾಕುವನ್ನು ಕರೆತಂದು ಪರದೆಯ ಮುಂದೆ ಕೂರಿಸಿದೆವು. ಆಕೆ ಚಾಳೀಸು ಏರಿಸಿಕೊಂಡು ನೋಡಿದರು.

"ಹೊಸ್ತಿಲಾ ಎಲ್ಲೈತ್ರೀ?"

"ತಗದಬಿಟ್ಟೀನಿ!" ಕಾಕಾ ಹೆಮ್ಮೆಯಿಂದ ಹೇಳಿದರು. "ನೀ ಎಡವಬಾರದಲ್ಲ."

"ಹೊಸ್ತಿಲಿಲ್ಲದ್ದು ಮನಿ ಏನ್ರಿ? ಶೆಡ್ಡು! ಮುಂಜಾನೆದ್ದು ಅರಿಶಿಣ ಕುಂಕುಮ ಎಲ್ಲಿ ಹಚ್ಚಲಿ, ನಿಮ್ಮ ಕಂಪ್ಯೂಟರಿಗೇನು?"

ಮಣ್ಣಿನ ಒತ್ತಡ, ನೀರಿನ ಹರಿವು ಎಲ್ಲಾ ಲೆಕ್ಕ ಹಾಕಿದ ಮನುಷ್ಯನಿಗೆ ದಿನಾ ತಾನೇ ದಾಟುವ ಹೊಸ್ತಿಲಿನ ನೆನಪಾಗಿರಲಿಲ್ಲ! ವಾದ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಹೊಸ್ತಿಲು ಇಟ್ಟು, ಅದರ ಎತ್ತರಕ್ಕೆ ಒಳಗಿನ ನೆಲವನ್ನೂ ಹೊರಗಿನ ನೆಲವನ್ನೂ ಏರಿಸಲು ಕೂತರು. ಆಗ ಹೊಸ್ತಿಲೂ ಇರುತ್ತದೆ, ಎಡವುವುದೂ ಇಲ್ಲ. ಏರಿಸಬೇಕಾದದ್ದು ನಾಲ್ಕು ಬೆರಳು. ಆದರೆ ಬಾಗಿಲಲ್ಲಿ ನಾಲ್ಕು ಬೆರಳು ಏರಿಸಿದರೆ ದಾರಿ ಉದ್ದವಾಗಬೇಕು, ತಿರುವು ಸರಿಯಬೇಕು, ಗೋಡೆ ಬೆಳೆಯಬೇಕು, ನೀರಿನ ತೂತುಗಳೂ ಜಾಗ ಬದಲಿಸಬೇಕು. ಇಡೀ ಗುಡ್ಡ ಮತ್ತೆ ಮೊದಲಿನಿಂದ!

ಮೇಸ್ತ್ರಿ ಕಂಡಾಗಲೆಲ್ಲ, "ಸಾರ್, ಇಲ್ಲು ಎಪ್ಪುಡು?" ಎನ್ನುತ್ತಿದ್ದ, ಮನೆ ಯಾವಾಗ ಅಂತ ತೆಲುಗಿನಲ್ಲಿ. "ಮುಂದು ನೇಲ, ತರ್ವಾತ ಇಲ್ಲು," ಎನ್ನುತ್ತಿದ್ದರು ಕಾಕಾ, ಮೊದಲು ನೆಲ, ಆಮೇಲೆ ಮನೆ ಅಂತ. ನೆಂಟರು ನಕ್ಕರು. ನಾನೂ ನಗುತ್ತಿದ್ದವಳು ಆಮೇಲೆ ಬಿಟ್ಟೆ. ಆಫೀಸಿನಲ್ಲಿ ದೊಡ್ಡ ದೊಡ್ಡ ಕಟ್ಟಡ ಬರೆಯುವವರನ್ನು ಕಂಡಿದ್ದೇನೆ. ಹೆಂಡತಿಯ ಒಂದು ಮಾತಿಗೆ ಗುಡ್ಡವನ್ನೇ ಸರಿಸಿದವರನ್ನು ಕಂಡಿಲ್ಲ.

ಅಂತೂ ಮನೆಯೂ ಎದ್ದು ನಿಂತಿತು. ಗೃಹಪ್ರವೇಶದ ದಿನ ಕಾಕು ರಸ್ತೆಯಲ್ಲಿ ಕಾರಿನಿಂದಿಳಿದರು. ರೂಢಿಯಂತೆ ನಾವೆಲ್ಲ ಹಿಡಿಯಲು ಓಡಿದೆವು.

"ಯಾರೂ ಮುಟ್ಟಬ್ಯಾಡ್ರಿ!" ಕಾಕಾ ಕೂಗಿದರು.

ಕಾಕು ಒಬ್ಬರೇ ನಡೆದರು. ಹೊಸ ಇಳಕಲ್ ಸೀರೆಯ ನೆರಿಗೆ ಹಿಡಿದುಕೊಂಡು, ತಡೆಗೋಡೆಯ ಪಕ್ಕದಲ್ಲಿ, ನಿಧಾನವಾಗಿ. ಕಾಕಾ ಆಕೆಯ ಹೆಜ್ಜೆಗಳನ್ನೇ ನೋಡುತ್ತ ಹಿಂದೆ ಹೋಗುತ್ತಿದ್ದರು. ತಿರುವಿನಲ್ಲಿ ಆಕೆ ನಿಂತುಬಿಟ್ಟರು. ಕಾಕಾ ಓಡಿ ಪಕ್ಕಕ್ಕೆ ಬಂದರು.

"ಏನಾತು? ಏರು ಹೆಚ್ಚಾತೇನು?"

"ಏನೂ ಆಗಿಲ್ರಿ. ಕೈ ಕೊಡ್ರಿ."

"ಯಾಕ? ಕೈ ಹಿಡೀಲಾರದ ಹೋಗಬೇಕು ಅಂತ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?"

"ಹೌದು. ಈಗ ಹಿಡೀಲಿಲ್ಲಂದ್ರೂ ನಡೀತೈತಿ," ಎಂದರು ಕಾಕು. "ಅದಕ್ಕ ಕೊಡ್ರಿ."

ಕಾಕಾ ಕೈ ಕೊಟ್ಟರು. ಇಬ್ಬರೂ ಹೊಸ್ತಿಲು ದಾಟುವವರೆಗೆ ನಾನು ಆ ಕೈಯನ್ನೇ ನೋಡುತ್ತಿದ್ದೆ. ದಾಟಿದ ಮೇಲೂ ಕಾಕಾ ಬಿಡಲಿಲ್ಲ, ನೀರಿನ ಪೈಪಿನ ತುದಿ ಹಿಡಿದಂತೆ ಹಿಡಿದೇ ಇದ್ದರು.