ಗಜಲಕ್ಷ್ಮಿಯೂ ನನ್ನ ಸ್ಟೆಪ್ಪರ್ ಮೋಟಾರೂ

ಪಾಂಡವಪುರದಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟು ಹೊಟ್ಟೆ ಹೊರೆಯುವವನು ನಾನು. ಅಯಸ್ಕಾಂತದ ಪಾಠಕ್ಕೆ ಈ ಮೇಷ್ಟ್ರನ್ನು ಬಿಟ್ಟರಿಲ್ಲ ಎಂದು ಹೆಸರು. ಆ ಹೆಸರು ಕೊಟ್ಟವನೂ ನಾನೇ. ಇಂಥವನು ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ಒಂದು ಪುಟ್ಟ ಸಿಎನ್‌ಸಿ ರೌಟರ್ ಜೋಡಿಸಿ ಇಟ್ಟುಕೊಂಡರೆ ಆಶ್ಚರ್ಯವೇನು? ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಮರದ ಮೇಲೆ ತಾನೇ ಕೆತ್ತುವ ಯಂತ್ರ ಅದು. ಪ್ಲೈವುಡ್ ತುಂಡುಗಳ ಮೇಲೆ ‘ಶುಭ ಲಾಭ’ ಎಂದು ಕೆತ್ತಿಸಿ ಬೀದಿಗೆಲ್ಲ ಹಂಚಿದೆ. ಬೇಡ ಎಂದವರಿಗೂ ಹಂಚಿದೆ!

ನನ್ನ ಹೆಂಡತಿ ಸವಿತಾಳ ತವರು ಚಿನಕುರಳಿ. ಅಲ್ಲಿ ಅವಳ ತಮ್ಮ ಶಿವಲಿಂಗ ಹೊಸ ಮನೆ ಕಟ್ಟಿಸುತ್ತಿದ್ದ. ತೀರಿಕೊಂಡ ನಮ್ಮ ಮಾವನವರು ಕೈಯಾರೆ ನೆಟ್ಟಿದ್ದ ಹಲಸಿನ ಮರ ಪಾಯಕ್ಕೆ ಅಡ್ಡ ಬಂತೆಂದು ಕಡಿಯಬೇಕಾಯಿತು. ಅದರಲ್ಲಿ ಒಂದೇ ಒಂದು ಒಳ್ಳೆಯ ಹಲಗೆ ಸಿಕ್ಕಿತು. ಅದನ್ನು ತಲೆಬಾಗಿಲ ಮೇಲೆ ಕೂರಿಸಬೇಕು, ಅದರಲ್ಲಿ ಗಜಲಕ್ಷ್ಮಿ ಇರಬೇಕು, ಬಾಗಿಲು ನಿಲ್ಲಿಸುವ ದಿನ ಮನೆಮಗಳು ಸವಿತಾಳೇ ಅದಕ್ಕೆ ಮೊದಲ ಅರಿಶಿನ ಕುಂಕುಮ ಇಡಬೇಕು ಎಂದು ಶಿವಲಿಂಗನ ಆಸೆ. ಅಪ್ಪ ಹೋದ ಮೇಲೆ ಸವಿತಾ ತವರಿನ ಯಾವುದಕ್ಕೂ ಇಷ್ಟು ಹಂಬಲಿಸಿದ್ದನ್ನು ನಾನು ಕಂಡಿರಲಿಲ್ಲ.

“ಕೆ.ಆರ್.ಪೇಟೆ ಆಚಾರಿಗೆ ಏಳಿವ್ನಿ ಬಾವ. ಚೆಂದಾಗಿ ಕೆತ್ತುತಾನೆ” ಎಂದ ಶಿವಲಿಂಗ, ಊಟಕ್ಕೆ ಕೂತಾಗ.

“ಯಾವ ಕಾಲದಲ್ಲಿದ್ದೀಯಲಾ? ನನ್ನ ಮಿಷನ್ನು ಒಂದು ಕೂದಲೆಳೆ ಆಚೀಚೆ ಹೋಗಲ್ಲ ಕಣ್ಲಾ. ತತ್ತಾ ಹಲಗೆಯ!” ಎಂದೆ, ಮುದ್ದೆ ಮುರಿಯುತ್ತ.

ಸವಿತಾ ನನ್ನ ಕಡೆ ನೋಡಿದಳು. ಆ ನೋಟವನ್ನು ಹೆಮ್ಮೆ ಎಂದುಕೊಂಡೆ. ಅದು ಭಯವಿರಬಹುದೆಂದು ಹೊಳೆಯಲಿಲ್ಲ.

ಹಲಗೆ ಮನೆಗೆ ಬಂದ ದಿನವೇ ಯಂತ್ರ ಮುನಿಸಿಕೊಂಡಿತು. ಈ ಯಂತ್ರಕ್ಕೆ ಕೈಕಾಲು ಎಂದರೆ ಸ್ಟೆಪ್ಪರ್ ಮೋಟಾರುಗಳು. ಬೇರೆ ಮೋಟಾರಿನಂತೆ ಗಿರಗಿರ ಸುತ್ತುವುದಿಲ್ಲ; ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತವೆ. ಇಷ್ಟು ಹೆಜ್ಜೆ ಹಾಕು ಎಂದು ಹೇಳಿ ಕಂಪ್ಯೂಟರು ಸುಮ್ಮನಾಗುತ್ತದೆ. ಹಾಕಿತೋ ಇಲ್ಲವೋ ಎಂದು ವಿಚಾರಿಸುವ ಅಭ್ಯಾಸ ಅದಕ್ಕಿಲ್ಲ. ನಮ್ಮ ಇಲಾಖೆಯ ಸುತ್ತೋಲೆಗಳೂ ಹೀಗೆಯೇ. ಈಗ ಅಡ್ಡಡ್ಡ ಓಡಿಸುವ ಮೋಟಾರು ಗುಂಯ್ ಎನ್ನುತ್ತಿತ್ತು, ಕೆತ್ತುವ ತಲೆ ಮಾತ್ರ ಅರ್ಧ ದಾರಿಗೆ ಹೋಗಿ ನಿಂತುಬಿಡುತ್ತಿತ್ತು.

ವೋಲ್ಟೇಜಿನ ತೊಂದರೆ ಎಂದು ತೀರ್ಮಾನಿಸಿದೆ. ಫ್ರಿಜ್ಜಿನ ಸ್ಟೆಬಿಲೈಸರನ್ನು ಕಿತ್ತು ಕೊಟ್ಟಿಗೆಗೆ ತಂದೆ. ಮೋಟಾರು ಇನ್ನೂ ಜೋರಾಗಿ ಗುಂಯ್ ಎಂದಿತು. ಅತ್ತ ಫ್ರಿಜ್ಜಿನಲ್ಲಿದ್ದ ಹಾಲು ಒಡೆಯಿತು.

ಹಾಗಾದರೆ ವಯರು ಅದಲು ಬದಲಾಗಿರಬೇಕು. ಕರೆಂಟು ಆರಿಸದೆ ಮೋಟಾರಿನ ವಯರು ಎಳೆದೆ. ಹಾಗೆ ಎಳೆಯಬಾರದೆಂದು ಯಂತ್ರದ ಜೊತೆ ಬಂದ ಕಾಗದದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಅದನ್ನೆಲ್ಲ ಓದುವುದು ಏನೂ ತಿಳಿಯದವರು! ಟಪ್ ಎಂದಿತು. ಮೋಟಾರಿಗೆ ಕರೆಂಟು ಅಳೆದು ಕೊಡುವ ಡ್ರೈವರ್ ಎಂಬ ಪುಟ್ಟ ಬಿಲ್ಲೆ ಶಿವನ ಪಾದ ಸೇರಿತು.

ಮೈಸೂರಿಗೆ ಹೋಗಿ ಹೊಸ ಡ್ರೈವರ್ ತಂದೆ. ಅದರ ಮೇಲೊಂದು ಸಣ್ಣ ತಿರುಪು. ಮೋಟಾರಿಗೆ ಎಷ್ಟು ಕರೆಂಟು ಎಂದು ಅದರಲ್ಲಿ ಹೊಂದಿಸಬೇಕು. ಹೊಟ್ಟೆ ತುಂಬ ಹಾಕಿದರೆ ಮೈಮುರಿದು ದುಡಿಯುತ್ತದೆ ಎಂದು ಪೂರ್ತಿ ತಿರುಗಿಸಿದೆ. ಮೋಟಾರು ಕಾವಲಿಯಂತೆ ಕಾದಿತು. ಮೇಲೆ ದೋಸೆ ಹುಯ್ಯಬಹುದಿತ್ತು, ಕೆತ್ತನೆ ಮಾತ್ರ ಆಗಲಿಲ್ಲ. ತಿರುಪನ್ನು ಹಿಂದಕ್ಕೆ ತಿರುಗಿಸಿ ತಲೆ ಮೇಲೆ ಕೈಹೊತ್ತು ಕೂತೆ.

ಆಗ ಬೇಲಿಯಾಚೆಯಿಂದ ಇಣುಕಿದವರು ಪಕ್ಕದ ಮನೆಯ ಪುಟ್ಟೇಗೌಡರು. ಕಬ್ಬು ಬೆಳೆಯುವವರು, ಎರಡು ಬೋರ್‌ವೆಲ್ಲುಗಳ ಒಡೆಯರು.

“ಏನ್ ಮೇಷ್ಟ್ರೇ, ಗುಂಯ್ ಅಂತಾ ಅದಾ?”

“ಹೂಂ ಗೌಡ್ರೇ.”

“ತಿರುಗ್ತಿಲ್ವಾ?”

“ಇಲ್ಲ.”

“ಅಂಗಾದ್ರೆ ವೈಂಡಿಂಗ್ ಸುಟ್ಟೋಗ್ಯದೆ ಬುಡಿ. ಬಿಚ್ಚಿಸ್ಬುಡಿ, ಸರಿ ಓಯ್ತದೆ.”

ನಮ್ಮ ಕಡೆ ಮೋಟಾರು ಎಂದರೆ ಒಂದೇ, ಪಂಪ್‌ಸೆಟ್ಟಿನದು. ಅದು ಗುಂಯ್ ಎಂದು ನಿಂತರೆ ಮೇಲೆತ್ತಬೇಕು, ಟೌನಿಗೆ ಒಯ್ಯಬೇಕು, ಬಿಚ್ಚಿಸಬೇಕು. ಊರಿಗೆ ಊರೇ ಹೀಗೆ ಮಾಡುತ್ತದೆ. ನಾನು ವಿಜ್ಞಾನ ಓದಿದವನು, ಹಾಗೆಲ್ಲ ಮಾಡುತ್ತೇನೆಯೇ?

ಮಾಡಿದೆ!

ಶ್ರೀರಂಗಪಟ್ಟಣದಲ್ಲಿ ನಂಜುಂಡ ಎಂಬಾತನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ಆಳೆತ್ತರದ ಬೋರ್‌ವೆಲ್ ಮೋಟಾರುಗಳು ಗೋಡೆಗೆ ಒರಗಿ ಸರತಿಯಲ್ಲಿ ನಿಂತಿದ್ದವು. ಅವುಗಳ ನಡುವೆ ನಾನು ಊಟದ ಬ್ಯಾಗಿನಿಂದ ಮುಷ್ಟಿ ಗಾತ್ರದ ನನ್ನ ಮೋಟಾರನ್ನು ಹೊರತೆಗೆದೆ. ನಂಜುಂಡ ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

“ಇದ್ಯಾವ ತೋಟದ್ದು ಸಾ? ತುಳಸಿ ಕಟ್ಟೆಗೆ ನೀರಾಕದಾ?”

“ಇದು ಸ್ಟೆಪ್ಪರ್ ಮೋಟಾರಪ್ಪ. ಬೇರೆ ತರದ್ದು.”

“ಮೋಟ್ರು ಅಂದ್ಮೇಲೆ ಮೋಟ್ರೇ ಅಲ್ವಾ ಸಾ? ಬಿಚ್ಚಲಾ?”

“ಬಿಚ್ಚಪ್ಪ” ಎಂದೆ.

ಸ್ಟೆಪ್ಪರ್ ಮೋಟಾರಿನೊಳಗೆ ತಿರುಗುವುದು ಒಂದು ಅಯಸ್ಕಾಂತ. ಅದನ್ನು ಅದರ ಕಬ್ಬಿಣದ ಗೂಡಿನಿಂದ ಈಚೆಗೆ ಎಳೆದರೆ ಶಕ್ತಿ ಕುಂದುತ್ತದೆ, ಮತ್ತೆ ಒಳಗಿಟ್ಟರೂ ವಾಪಸು ಬರುವುದಿಲ್ಲ. ಇದು ಪರಮ ರಹಸ್ಯವೇನಲ್ಲ. ಅಯಸ್ಕಾಂತವನ್ನು ಕಬ್ಬಿಣದ ಪಟ್ಟಿಯ ಜೊತೆಗೇ ಇಡಬೇಕು, ಇಲ್ಲದಿದ್ದರೆ ಬಲ ಕಳೆದುಕೊಳ್ಳುತ್ತದೆ ಎಂದು ಅದೇ ವಾರ ನಾನೇ ತರಗತಿಯಲ್ಲಿ ಗಂಟಲು ಹರಿದುಕೊಂಡಿದ್ದೆ! ನಂಜುಂಡ ನನ್ನ ಕಣ್ಣೆದುರಿಗೇ ಅದನ್ನು ಎಳೆದು, ಪೆಟ್ರೋಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಬೆಂಚಿನ ಮೇಲಿಟ್ಟ. “ವೈಂಡಿಂಗ್ ಚೆನ್ನಾಗೇ ಅದಲ್ಲ ಸಾ” ಎಂದ. ಗ್ರೀಸು ಹಚ್ಚಿ ಮುಚ್ಚಿ ಕೊಟ್ಟ. ನಾನು ಅವನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಬಂದೆ.

ಮನೆಗೆ ತಂದು ಜೋಡಿಸಿದರೆ ಮತ್ತದೇ ಗುಂಯ್. ಕಾಫಿ ತಂದ ಸವಿತಾ ಲೋಟ ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದಳು.

“ರೀ, ಮೋಟ್ರು ತಿರುಗ್ತಾ ಅದೆ ಕನ್ರೀ. ಈ ಕಂಬಿನೇ ಅದ್ರ ಜೊತೇಲಿ ತಿರುಗ್ತಿಲ್ಲ.”

ಮೋಟಾರಿಗೂ ಕೆತ್ತುವ ತಲೆಯನ್ನು ಓಡಿಸುವ ತಿರುಪಿನ ಕಂಬಿಗೂ ಗಂಟು ಹಾಕುವ ಕಪ್ಲಿಂಗಿನಲ್ಲಿ ಕಂಬಿಯ ಕಡೆಯ ಸ್ಕ್ರೂ ಸಡಿಲವಾಗಿತ್ತು. ಅಷ್ಟೇ! ನಾನು ಕೆತ್ತುವ ತಲೆಯನ್ನೇ ನೋಡುತ್ತಿದ್ದೆ, ಮೋಟಾರಿನ ಕಡೆ ಕಣ್ಣು ಹಾಯಿಸಿರಲೇ ಇಲ್ಲ. ಅಲೆನ್ ಕೀ ಹಾಕಿ ಬಿಗಿ ಮಾಡಿದೆ, ತಲೆ ಸರ್ರನೆ ಓಡಿತು. ಗಟ್ಟಿಮುಟ್ಟಾಗಿದ್ದ ಮೋಟಾರಿಗೆ ನಾನು ಸುಮ್ಮನೆ ಆಪರೇಷನ್ ಮಾಡಿಸಿಕೊಂಡು ಬಂದಿದ್ದೆ.

ಮೆತ್ತನೆಯ ಸಿಲ್ವರ್ ಓಕ್ ತುಂಡಿನ ಮೇಲೆ ಒಂದು ಹೂವು ಕೆತ್ತಿಸಿದೆ. ಸೊಗಸಾಗಿ ಬಂತು.

“ಒಂದ್ಸಲ ಹಲಸಿನ ಚೂರಿನ ಮೇಲೂ ನೋಡ್ಬುಡಿ. ಶಿವ್ಲಿಂಗುನ್ನ ಕೇಳುದ್ರೆ ತಂದುಕೊಡ್ತಾನೆ” ಎಂದಳು ಸವಿತಾ.

“ಮರ ಅಂದ್ಮೇಲೆ ಮರವೇ ಅಲ್ವೇನೇ?” ಎಂದೆ. ನಂಜುಂಡ ನನ್ನ ಬಾಯಲ್ಲಿ ಕೂತು ಮಾತಾಡಿದ್ದು ನನಗೆ ಗೊತ್ತಾಗಲಿಲ್ಲ.

ಭಾನುವಾರ ಬೆಳಗ್ಗೆ ಹಲಗೆಯನ್ನು ಬಿಗಿದು ಯಂತ್ರ ಶುರು ಮಾಡಿದೆ. ಸವಿತಾ ತಲೆಗೆ ಸ್ನಾನ ಮಾಡಿ ಬಂದು ಪಕ್ಕದಲ್ಲಿ ನಿಂತಳು. ಮೊದಲು ಎಡಗಡೆಯ ಆನೆ. ಸೊಂಡಿಲು, ಕಿವಿಯ ಮಡಿಕೆ, ಕಣ್ಣು, ಏನು ಚೆಂದ ಬಂತು! ಸವಿತಾ ಹಳದಿ ಹೊಟ್ಟನ್ನು ಬೆರಳಲ್ಲಿ ತೆಗೆದುಕೊಂಡು ಮೂಸಿದಳು. “ಬ್ಯಾಸ್ಗೇಲಿ ಅಪ್ಪ ಇದ್ರ ಕೆಳುಗೇ ಮಂಚ ಆಕೊಂಡು ಮನಗೋರು” ಎಂದಳು. ಅವಳ ಮುಖದಲ್ಲಿ ಅಂಥ ಸಂತೋಷ ಕಂಡು ಎಷ್ಟೋ ದಿನವಾಗಿತ್ತು.

ನಾನು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಲು ವಿಡಿಯೋ ತೆಗೆಯುತ್ತಿದ್ದೆ. ವಿವರಣೆ ಬೇರೆ! “ಬಂಧುಗಳೇ, ಈಗ ತಾವು ನೋಡುತ್ತಿರುವುದು...” ಎನ್ನುವಷ್ಟರಲ್ಲಿ ಟಕ್ ಎಂದಿತು.

“ಏನ್ರೀ ಅದು ಸದ್ದು?”

“ಮರದ ಗಂಟಿರಬೇಕು. ಮಿಷನ್ನು ನೋಡ್ಕೊಳ್ಳುತ್ತೆ ಸುಮ್ನಿರು.”

ಮತ್ತೆ ಟಕ್. ಟಕಟಕ. ನಡುವಿನ ಆಳದ ಕೆತ್ತನೆ ಬಂದಾಗ, ಬಲಗುಂದಿದ ಮೋಟಾರಿಗೆ ಹಲಸಿನ ಮರದ ಗಟ್ಟಿ ತಿರುಳು ಜಗ್ಗಲಿಲ್ಲ. ಅದು ಹೆಜ್ಜೆ ತಪ್ಪುತ್ತಿತ್ತು, ಕೆತ್ತುವ ತಲೆ ಪ್ರತಿ ಸಲವೂ ಇರಬೇಕಾದ ಕಡೆಯಿಂದ ಸರಿಯುತ್ತಿತ್ತು. ನಾನೋ ಕಂಪ್ಯೂಟರಿನ ಪರದೆ ನೋಡುತ್ತಿದ್ದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಲಕ್ಷ್ಮಿ ನಗುತ್ತಿದ್ದಳು.

“ರೀ, ನಿಲ್ಸ್ರೀ! ನಿಲ್ಸೀ ಅಂತೀನಿ!” ಎಂದು ಸವಿತಾ ಕೂಗಿ, ತಾನೇ ಓಡಿಹೋಗಿ ಪ್ಲಗ್ಗು ಕಿತ್ತಳು.

ಹಲಗೆಯ ಮೇಲಿನ ಲಕ್ಷ್ಮಿಗೆ ಮುಖವಿರಲಿಲ್ಲ. ಮುಖ ಇರಬೇಕಾದಲ್ಲಿ ಬಲಗಡೆಯ ಆನೆಯ ಹಿಂಗಾಲು ಬಂದು ನಿಂತಿತ್ತು. ವರ ಕೊಡುವ ಕೈ ಮೊಣಕೈಯಲ್ಲೇ ಮುಗಿದು, ಬೆರಳುಗಳು ದೂರದಲ್ಲೆಲ್ಲೋ ಬಿದ್ದಿದ್ದವು. ಎಡಗಡೆಯ ಆನೆಯೊಂದು ಮಾತ್ರ ಇದನ್ನೆಲ್ಲ ನೋಡುತ್ತ ಅಚ್ಚುಕಟ್ಟಾಗಿ ನಿಂತಿತ್ತು.

ಸವಿತಾ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಪೊರಕೆ ತಂದು ಹೊಟ್ಟನ್ನೆಲ್ಲ ಗುಡಿಸಿ ತುಂಬಿಕೊಂಡು ಒಳಗೆ ಹೋದಳು. ಹಿತ್ತಲ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ನನ್ನ ಕೈಯಲ್ಲಿ ವಿಡಿಯೋ ಇನ್ನೂ ಓಡುತ್ತಲೇ ಇತ್ತು.

ಸಂಜೆ ಶಿವಲಿಂಗ ಬಂದ. ಹಲಗೆಯನ್ನು ನೋಡಿದ. ಅದನ್ನು ಮಗುಚಿ ಹಿಂಬದಿಯ ಮೇಲೆ ಕೈಯಾಡಿಸಿದ.

“ಓಗ್ಲಿ ಬುಡಿ ಬಾವ. ಇಂದ್ಗಡೆ ನುಣ್ಣುಗೆ ಚೆನ್ನಾಗೇ ಅದೆ. ತಿರುಗ್ಸಿ ಕೂರ್ಸಾನ. ಅಪ್ಪುನ್ ಮರ ಬಾಗ್ಲು ಮ್ಯಾಲಿದ್ರೆ ಸಾಕು.”

“ತಪ್ಪಾಯ್ತು ಕಣ್ಲಾ ಶಿವ್ಲಿಂಗ.”

“ಅಯ್, ಅಂಗೆಲ್ಲ ಅನ್ಬೇಡಿ ಬಾವ” ಎಂದು ಹಲಗೆಯನ್ನು ಹೆಗಲಿಗೇರಿಸಿಕೊಂಡು ಹೊರಟ. ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ನನ್ನ ಯಂತ್ರವನ್ನು ನಾಲೆಗೆ ಎಸೆಯುತ್ತಿದ್ದರು. ಅಕ್ಕನ ಗಂಡ ಎಂಬ ಮರ್ಯಾದೆ ಇಷ್ಟು ಚುಚ್ಚುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಬಾಗಿಲು ನಿಲ್ಲಿಸುವ ದಿನ ಹಲಗೆ ತಲೆಬಾಗಿಲ ಮೇಲೆ ಕೂತಿತ್ತು. ಬೋಳು ಮುಖ ಬೀದಿಗೆ, ನನ್ನ ಕಲಾಕೃತಿ ಒಳಗಿನ ಗಾರೆಗೆ. ಸವಿತಾ ಮಣೆ ಹತ್ತಿ ನಿಂತು ಅರಿಶಿನ ಹಚ್ಚಿದಳು. ಕುಂಕುಮವಿಡಲು ಹೋದ ಕೈ ನಡುವೆ ಒಂದು ಕ್ಷಣ ತಡೆಯಿತು. ಎಲ್ಲಿಡಬೇಕೆಂದು ಹುಡುಕಿತು. ಆಮೇಲೆ ಅಂದಾಜಿನ ಮೇಲೆ ಒಂದು ಕಡೆ ಇಟ್ಟು, ಕಣ್ಣೊರೆಸಿಕೊಂಡು ಇಳಿದಳು. ನಾನು ಚಪ್ಪರದ ಗಳುವೊಂದನ್ನು ಬಹಳ ಆಸಕ್ತಿಯಿಂದ ಪರಿಶೀಲಿಸುತ್ತಿದ್ದೆ.

ನಾಗಮಂಗಲದಿಂದ ಸವಿತಾಳ ದೊಡ್ಡಪ್ಪ ಬಂದಿದ್ದರು. ಮರ ಗಿಡ ಕಂಡವರು. ಕತ್ತೆತ್ತಿ ನೋಡಿ, “ಈ ಅಲಗೆ ಯಾರ್ ಮಾಡ್ಸಿದ್ದು?” ಎಂದರು.

“ನಮ್ಮ್ ಬಾವ” ಎಂದ ಶಿವಲಿಂಗ, ನೆಲ ನೋಡುತ್ತ.

ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. “ಒಳ್ಳೇ ಕೆಲ್ಸ ಮಾಡಿದ್ರಿ ಅಳಿಯಂದ್ರೇ. ಈಗಿನೋರು ಅದ್ಯಾವ್ದೋ ಮಿಷನ್ನಿಗೆ ಕೊಟ್ಟು ಇಂಥ ಮರಾನೆಲ್ಲ ಕೆಡಿಸ್ಬುಡ್ತಾರೆ. ನೀವು ಓದ್ದೋರು. ಮುಟ್ದಂಗೆ ಬುಟ್ಟಿದ್ದೀರಿ!”

ಸವಿತಾ ನಗುತ್ತಾಳೇನೋ ಎಂದು ಆಸೆಯಿಂದ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಹೂಂ ದೊಡ್ಡಪ್ಪ, ಅವ್ರು ಮುಟ್ನೇ ಇಲ್ಲ” ಎಂದಳು.

ಮದುವೆಯಾದಾಗಿನಿಂದ ನನ್ನ ಮಾನ ಕಾಯಲು ಅವಳು ಹೇಳಿದ ಸುಳ್ಳುಗಳಲ್ಲಿ ಇದೇ ದೊಡ್ಡದು. ಆಗಲಾದರೂ ನಾನು ಬಾಯಿಬಿಟ್ಟು ನಿಜ ಹೇಳಬೇಕಿತ್ತು, ಕೊನೆಗೆ ತಲೆಯನ್ನಾದರೂ ತಗ್ಗಿಸಬೇಕಿತ್ತು. ನಾನು ಎರಡೂ ಕೈ ಜೋಡಿಸಿ, “ಎಲ್ಲ ನಿಮ್ಮ ಆಶೀರ್ವಾದ ದೊಡ್ಡಪ್ಪ” ಎಂದೆ!