ಖಾಜಾನ ಆಯೇರಿ ಮತ್ತು ನನ್ನ ಮೈಕು

ಶಹಾಪುರ ತಾಲ್ಲೂಕಿನಲ್ಲಿ ಮೈಕ್ ಹಿಡಿಯಲು ನನ್ನಷ್ಟು ಅರ್ಹನಾದ ಮನುಷ್ಯ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಮಾಹಿತಿ! ವಾರವೆಲ್ಲ ಸೊಸೈಟಿಯಲ್ಲಿ ಗುಮಾಸ್ತನಾಗಿ ಕುಳಿತಿರುವ ನಾನು, ಕಾರ್ಯಕ್ರಮವೆಂದರೆ ಸಾಕು, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ನಿರೂಪಕನಾಗಿಬಿಡುತ್ತೇನೆ. ಮದುವೆ, ಜವಳ, ಗೃಹಪ್ರವೇಶ, ನಿವೃತ್ತಿ, ಶ್ರದ್ಧಾಂಜಲಿ, ಯಾವುದಕ್ಕೂ ನನ್ನ ಗಂಟಲು ಸಿದ್ಧ. ಬೀಗರ ಬೀಗರ ಅಳಿಯ ಬಂದಿದ್ದರೂ ಸರಿಯಾದ ಸಂಬಂಧ ಹಿಡಿದು, ಮುಂದೊಂದು ‘ಮಾನ್ಯ’ ಹಚ್ಚಿ ವೇದಿಕೆಗೆ ಕರೆಯಬಲ್ಲೆ. ಸಂಬಂಧ ಹೇಳುವಲ್ಲಿ ನಾನು ಒಮ್ಮೆಯೂ ತಪ್ಪಿದವನಲ್ಲ.

ಹಾಗಾಗಿ ನಮ್ಮ ಬಳಗದವರು ಯಾದಗಿರಿಯಲ್ಲಿ ಒಂದು ಕಲಾಸಂಜೆ ಮಾಡೋಣ ಎಂದಾಗ, “ಮೈಕ್ ನನಗ ಬಿಡ್ರಿ” ಎಂದೆ. ಅವರು ಬಿಟ್ಟರು. ತಪ್ಪಾದದ್ದು ಅಲ್ಲೇ!

ನಮ್ಮ ಬಳಗವೆಂದರೆ ಯಾದಗಿರಿ, ಶಹಾಪುರ, ಸುರಪುರ ಕಡೆಯ ನಮ್ಮಂಥವರು. ಗಂಡಸಿಗೆ ಮನಸ್ಸು ಕೊಟ್ಟ ಗಂಡಸರು, ಹೆಂಗಸಿಗೆ ಮನಸ್ಸು ಕೊಟ್ಟ ಹೆಂಗಸರು. ದೊಡ್ಡ ಊರುಗಳಲ್ಲಿ ಇದಕ್ಕೆ ಮೆರವಣಿಗೆ, ಬಣ್ಣದ ಬಾವುಟ ಎಲ್ಲ ಇವೆಯಂತೆ. ನಮಗೆ ಸುನಂದಾ ಟೀಚರ ಮನೆಯ ಚಹಾ ಇದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಸುನಂದಾ ಟೀಚರು, ನರ್ಸ್ ಆಗಿರುವ ರೇಣುಕಾ ಜೊತೆ ಯಾದಗಿರಿಯಲ್ಲಿ ಮನೆ ಮಾಡಿದ್ದಾರೆ. ಐತವಾರ ನಾವೆಲ್ಲ ಅಲ್ಲಿ ಸೇರಿ ಯಾರ ಮೊಣಕಾಲು ನೋಯುತ್ತಿದೆ, ಯಾರಿಗೆ ಶುಗರ್ ಬಂದಿದೆ ಎಂಬಂಥ ಕ್ರಾಂತಿಕಾರಿ ವಿಷಯಗಳನ್ನು ಚರ್ಚಿಸುತ್ತೇವೆ.

ಟೀಚರು ಒಂದು ನಾಟಕ ಬರೆದಿದ್ದರು. ಒಬ್ಬ ರಾಜ ಮಗಳಿಗೆ ವರ ಹುಡುಕುತ್ತಾನೆ. ಮಗಳ ಮನಸ್ಸು ತೋಟಗಾರನ ಮಗಳ ಮೇಲೆ. ರಾಜ ಹಾರಾಡಿ, ಕೂಗಾಡಿ, ಕೊನೆಗೆ ಒಪ್ಪುತ್ತಾನೆ. ರಾಜಕುಮಾರಿಯ ಪಾತ್ರ ಸ್ವತಃ ಟೀಚರದ್ದೇ. ರಾಜಕುಮಾರಿಗೆ ಐವತ್ತು ಹತ್ತಿರ ಬಂದಿತ್ತು, ಆದರೆ ಬರೆದವರೇ ಅವರಾದ್ದರಿಂದ ಯಾರೂ ತುಟಿ ಎರಡು ಮಾಡಲಿಲ್ಲ. ರಾಜನ ಪಾತ್ರ ಖಾಜಾನದು.

ಖಾಜಾ ಸುರಪುರದವನು, ಶಹಾಪುರದಲ್ಲಿ ಟೇಲರ್. ಅವನು ನನ್ನ... ನೋಡಿ, ಈಗಲೂ ಪೆನ್ನು ನಿಂತಿತು! ಹನ್ನೆರಡು ವರ್ಷಗಳಿಂದ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಂದೇ ಟೀವಿ ರಿಮೋಟಿಗೆ ಜಗಳಾಡಿಕೊಂಡು ಬದುಕಿದ್ದೇವೆ. ಊರಿಗೆ ಮಾತ್ರ ಅವನು ನನ್ನ ‘ರೂಮಿನ ದೋಸ್ತ’. ನಲವತ್ತೈದು ದಾಟಿದವನಿಗೆ ಎಂಥ ರೂಮು ಎಂದು ಯಾರೂ ಕೇಳಿಲ್ಲ. ಅದು ನನ್ನ ನಿರೂಪಣೆಯ ಸಾಮರ್ಥ್ಯ ಎಂದೇ ನಾನು ತಿಳಿದಿದ್ದೆ.

ಗೋಗಿಯಲ್ಲಿರುವ ಅಕ್ಕ ಮಹಾದೇವಿಗೂ ಅದನ್ನೇ ಹೇಳಿದ್ದೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ನನಗೆ ನನ್ನವರು ಅಂತ ಉಳಿದಿರುವುದು ಅದೊಂದೇ ಮನೆ. ನಿಜ ಹೇಳಿ ಅವಳು ಬಾಗಿಲು ಹಾಕಿಕೊಂಡುಬಿಟ್ಟರೆ? ಆ ಹೆದರಿಕೆಯಲ್ಲೇ ಹನ್ನೆರಡು ಉಗಾದಿ ಕಳೆದಿದ್ದವು. ಖಾಜಾ ಜೊತೆಗೆ ಬಂದಾಗಲೆಲ್ಲ ಅವನನ್ನು ಅಂಗಳದ ಕಡೆ ಕೂಡಿಸಿ, “ಡ್ರೆಸ್ ಅಳತಿ ತಗೊಳ್ಳಾಕ ಈ ಕಡಿ ಬಂದಿದ್ದ” ಎಂದು ಹೇಳುತ್ತಿದ್ದೆ. ಅವನು ಗೋಗಿಯಲ್ಲಿ ಈವರೆಗೆ ಯಾರ ಅಳತೆಯನ್ನೂ ತೆಗೆದುಕೊಂಡಿರಲಿಲ್ಲ!

ಇನ್ನು ನಾಟಕದ ಸಂಗತಿ. ನಮ್ಮ ಕಡೆ ನಾಟಕವೆಂದರೆ ಆಯೇರಿ ಇರಲೇಬೇಕು. ಪಾತ್ರಧಾರಿಯ ಬಂಧುಬಳಗದವರು ಆಟ ನಡೆಯುತ್ತಿದ್ದಾಗಲೇ ಸ್ಟೇಜ್ ಹತ್ತಿ, ಹಾರ ಹಾಕಿ, ಬಟ್ಟೆ ಉಡುಗೊರೆ ಕೊಟ್ಟು, ಬಾಯಿಗೆ ಸಕ್ಕರೆ ಹಾಕುತ್ತಾರೆ. ಅಷ್ಟು ಹೊತ್ತು ನಾಟಕ ನಿಲ್ಲುತ್ತದೆ. ರಾವಣನೂ ನಿಲ್ಲುತ್ತಾನೆ, ಜಟಾಯುವೂ ನಿಲ್ಲುತ್ತಾನೆ. ಕೊಟ್ಟವರು ಯಾರು, ಪಾತ್ರಧಾರಿಗೆ ಏನಾಗಬೇಕು ಎಂದು ಮೈಕಿನಲ್ಲಿ ಹೇಳಬೇಕು. ಸಂಬಂಧ ಹೇಳದೆ ಕೊಟ್ಟ ಆಯೇರಿ ಆಯೇರಿಯೇ ಅಲ್ಲ.

“ನನಗ ಯಾರ್ ಮಾಡ್ತಾರ ಆಯೇರಿ?” ಎಂದು ಖಾಜಾ ಒಂದು ದಿನ ಕಿರೀಟಕ್ಕೆ ಜರಿ ಹೊಲಿಯುತ್ತಾ ಕೇಳಿದ. ಸುರಪುರದ ಅವನ ಮನೆಯವರು ಮಾತು ಬಿಟ್ಟು ಬಹಳ ಕಾಲವಾಗಿತ್ತು. “ನೀ ಮಾಡ್ತೀ ಏನು?”

ನಾನು ಗಂಟಲು ಸರಿಮಾಡಿಕೊಂಡೆ. “ಕಲಾಪ್ರದರ್ಶನದ ಘನತೆಯ ದೃಷ್ಟಿಯಿಂದ ಈ ಸಲ ಆಯೇರಿಯನ್ನೇ ಕೈಬಿಟ್ಟರೆ ಹೇಗೆ...”

“ಘನತಿ ನಕ್ಕೋ ಮಿಯಾ. ಅಂಜಿಕಿ ಆಗ್ತದ ಅಂತ ಸೀದಾ ಹೇಳು” ಎಂದು ಖಾಜಾ ದಾರವನ್ನು ಹಲ್ಲಿನಿಂದ ಕಡಿದ. ಆಮೇಲೆ ಆ ವಿಷಯ ಎತ್ತಲಿಲ್ಲ. ಅವನು ಸುಮ್ಮನಾದರೆ ನನಗೆ ಊಟ ಸೇರುವುದಿಲ್ಲ.

ಆದರೂ ನಾನು ಆಮಂತ್ರಣದ ಕೆಳಗೆ ‘ದಯವಿಟ್ಟು ಆಯೇರಿ ತರಬಾರದಾಗಿ ವಿನಂತಿ’ ಎಂದು ಹಾಕಿಸಿಯೇ ಬಿಟ್ಟೆ. ಇದು ನನ್ನ ಮೊದಲನೆಯ ದಡ್ಡತನ. ನಮ್ಮ ಕಡೆ ಮದುವೆ ಕಾರ್ಡಿನಲ್ಲೂ ಇದೇ ಸಾಲು ಇರುತ್ತದೆ. ಅದನ್ನು ಓದಿದವರು, ‘ಪಾಪ, ಸಂಕೋಚದ ಮಂದಿ’ ಎಂದುಕೊಂಡು ಒಂದು ತರುವಲ್ಲಿ ಎರಡು ತರುತ್ತಾರೆ!

ಎರಡನೆಯದು ಫೋನಿನಲ್ಲಿ ಆಯಿತು. ಅಕ್ಕ ಫೋನ್ ಮಾಡಿ, “ಐತಾರ ಬಾರೋ ಶರಣ್ಯಾ, ಹೋಳಿಗಿ ಮಾಡ್ತೇನಿ” ಎಂದಳು.

“ಆಗಂಗಿಲ್ಲ ಅಕ್ಕಾ, ಯಾದಗಿರ್ಯಾಗ ಖಾಜಾಂದು ನಾಟಕ ಅದ. ಸಾಮಾನು ಹೊರಾಕ ಹೋಗ್ಬೇಕು.”

“ಅವಂದೇನ್ ಪಾರ್ಟು?”

“ರಾಜಂದು.”

“ಹೌದಾ?” ಎಂದವಳೇ ಫೋನ್ ಇಟ್ಟಳು. ಅಡುಗೆ, ಆಕಳು, ಸೊಸೆ, ಮೂರೂ ಮುಗಿಯದೆ ಫೋನ್ ಇಡುವವಳಲ್ಲ ಅಕ್ಕ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮನೆಗೆ ಬಂದುಹೋಗುವವನು ನಾಟಕದಲ್ಲಿ ಪಾರ್ಟ್ ಮಾಡುತ್ತಿದ್ದಾನೆ ಎಂದು ಗೋಗಿಯ ಹೆಂಗಸಿಗೆ ಹೇಳುವುದೂ ಒಂದೇ, ಅರಿಸಿನ ಹಚ್ಚಿದ ಕಾರ್ಡ್ ಕೊಟ್ಟು ಬಾ ಎನ್ನುವುದೂ ಒಂದೇ. ಇದು ನನಗೆ ಹೊಳೆಯಲೇ ಇಲ್ಲ.

ಐತವಾರ ಮಧ್ಯಾಹ್ನ ಹಾಲ್ ಚೆನ್ನಾಗಿಯೇ ತುಂಬಿತು. ನಮ್ಮವರು, ನಮ್ಮವರ ಗೆಳೆಯರು, ರೇಣುಕಾ ಆಸ್ಪತ್ರೆಯ ಸಿಸ್ಟರುಗಳು. ಗೋಡೆಗೆ ಸುರಪುರದ ನಮ್ಮ ಚಿತ್ರಕಾರ ಬಂಗಾರದ ಹಾಳೆ ಅಂಟಿಸಿ ಬರೆದ ಚಿತ್ರಗಳು; ಅದರಲ್ಲೊಂದು, ಒಂದೇ ಸಿಂಹಾಸನದಲ್ಲಿ ಒತ್ತಿಕೊಂಡು ಕುಳಿತ ಇಬ್ಬರು ಮೀಸೆಯ ರಾಜರು. ಹಾಡು ಆಯಿತು, ಕವಿತೆ ಆಯಿತು, ನಾಟಕ ಶುರುವಾಯಿತು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಲು ಕೆಂಭಾವಿಯಿಂದ ವಯಸ್ಸಾದ ಮಾಸ್ತರನ್ನು ಕರೆಸಿದ್ದೆವು. ಆಯೇರಿ ಇಲ್ಲ ಎಂದಾಗ ಅವರು ನನ್ನನ್ನು ಮರುಕದಿಂದ ನೋಡಿದ್ದರು. “ಆಯೇರಿ ಇಲ್ಲದ ನಾಟಕ ನಾ ಬಾರಿಸಿಲ್ರಿ. ಆಗ್ತದ, ನೋಡ್ತಿರ್ರಿ.”

ಆಗಿಯೇ ಬಿಟ್ಟಿತು. ರಾಜಕುಮಾರಿ ಮೊದಲ ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ರೇಣುಕಾ ಇಳಕಲ್ ಸೀರೆ ಹಿಡಿದು ಸ್ಟೇಜ್ ಹತ್ತಿದಳು. ಮಾಸ್ತರು ಪೇಟಿಯ ಮೇಲೆ ಒಂದೇ ಸ್ವರ ಹಿಡಿದು ನನ್ನ ಕಡೆ ನೋಡಿದರು. ಸಂಬಂಧ ಹೇಳುವವರೆಗೂ ಆ ಸ್ವರ ಬಿಡುವುದಿಲ್ಲವಂತೆ, ಅದು ಅವರ ಪದ್ಧತಿ!

ನಾನು ಅನುಭವಿ. “ಸುನಂದಾ ಟೀಚರ ಹಿತೈಷಿಗಳಾದ ಕುಮಾರಿ ರೇಣುಕಾ ಅವರಿಂದ...” ಎಂದೆ.

ರಾಜಕುಮಾರಿ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದರು. “ಏನಂದ್ರಿ? ಹಿತೈಷಿ? ಹಿತೈಷಿಗಳು ಇಲೆಕ್ಷನ್ ಬ್ಯಾನರಿನ್ಯಾಗ ಇರ್ತಾರ್ರಿ!”

ರೇಣುಕಾ ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು. “ನಾ ಈಕಿ ಜೋಡಿ ಬಾಳ್ವಿ ಮಾಡಾಕಿ. ಹೆಸರು ರೇಣುಕಾ. ಸೀರಿ ಇಳಕಲ್ದು” ಎಂದು ಮೈಕ್ ವಾಪಸ್ ಕೊಟ್ಟಳು. ಹಾಲ್ ತುಂಬ ಚಪ್ಪಾಳೆ. ಸಿಸ್ಟರುಗಳಂತೂ ಸಿಳ್ಳೆ ಹಾಕಿದರು. ಇಷ್ಟು ಚಿಕ್ಕ ವಾಕ್ಯವನ್ನು ಇಷ್ಟು ಸುಲಭವಾಗಿ ಹೇಳಬಹುದೇ ಎಂದು ನಾನು ಬಾಯಿ ತೆರೆದು ನಿಂತೆ. ಸಿಂಹಾಸನದಿಂದ ರಾಜ ನನ್ನನ್ನೇ ನೋಡುತ್ತಿದ್ದ. ನಾನು ಪರದೆಯ ಹಗ್ಗ ನೋಡಿದೆ.

ಆಗಲೇ ಬಾಗಿಲಲ್ಲಿ ಅಕ್ಕ ಕಂಡಳು!

ಕಂಕುಳಲ್ಲಿ ಗಂಟು. ತಲೆಯ ಮೇಲೆ ಸೆರಗು. ಮೀಸೆಯ ರಾಜರ ಚಿತ್ರದ ಮುಂದೆ ನಿಂತು ಚಿತ್ರಕಾರನನ್ನು ಏನೋ ಕೇಳುತ್ತಿದ್ದಳು. ಏನು ಕೇಳಿದಳೆಂದು ಆಮೇಲೆ ತಿಳಿಯಿತು. “ಅಣ್ತಮ್ಮರೇನು?” ಎಂದಳಂತೆ. “ಅಲ್ರಿ ಅವ್ವಾ, ಜೋಡಿ” ಎಂದನಂತೆ ಅವನು. “ಹಂಗಾದ್ರ ಕುರ್ಚಿ ಸಣ್ಣದಾತಲ್ಲೋ, ಸ್ವಲ್ಪ ದೊಡ್ಡದು ತೆಗೀಬೇಕಿತ್ತು” ಎಂದಳಂತೆ.

ಇದು ನನಗಾಗ ಗೊತ್ತಿಲ್ಲ. “ತಾಂತ್ರಿಕ ಕಾರಣಗಳಿಂದ ಅಲ್ಪವಿರಾಮ!” ಎಂದು ಘೋಷಿಸಿ ನಾನೇ ಹಗ್ಗ ಎಳೆದೆ. ಪರದೆ ಬಿತ್ತು. ರಾಜಕುಮಾರಿ ಒಳಗೆ ಉಳಿದರು. ಸಿಂಹಾಸನ ಮುಂದಿದ್ದುದರಿಂದ ರಾಜ ಹೊರಗೆ ಉಳಿದ! ಪರದೆಯ ಮುಂದೆ ಖಾಜಾ ಒಬ್ಬನೇ, ಕಿರೀಟ ಸರಿಪಡಿಸಿಕೊಳ್ಳುತ್ತಾ ಕುಳಿತ. ಅಕ್ಕನಿಗೆ ಇನ್ನೇನು ಬೇಕು? ಸೀದಾ ಹತ್ತಿ ಬಂದಳು.

ಗಂಟು ಬಿಚ್ಚಿದಳು. ಅಂಗಿಯ ಅರಿವೆ, ಜರಿ ಅಂಚಿನ ರುಮಾಲು, ಶಾಲು, ಕಾಗದದಲ್ಲಿ ಸಕ್ಕರೆ. “ಅರಿವಿ ಹಂಗ ತಂದೇನಪಾ ಖಾಜಾ, ಹೊಲ್ಕೊಳ್ಳಾಕ ನಿನಗ ಬರ್ತದಲ್ಲ” ಎಂದಳು. ಖಾಜಾ ಎದ್ದು ನಿಂತ. ರಾಜನ ಮೀಸೆ ನಡುಗುತ್ತಿತ್ತು. ಮಾಸ್ತರು ಪೇಟಿಯ ಮೇಲೆ ಸ್ವರ ಹಿಡಿದರು.

ನಾನು ಮೈಕ್ ಎತ್ತಿದೆ. “ಇದೀಗ ಗೋಗಿ ಗ್ರಾಮದ ಶ್ರೀಮತಿ ಮಹಾದೇವಿಯವರಿಂದ, ಪಾತ್ರಧಾರಿ ಖಾಜಾ ಅವರಿಗೆ... ಖಾಜಾ ಅವರ... ಮಾತೃಸಮಾನರಾದ...”

“ಯಾರ್ ಸಮಾನ?” ಎಂದಳು ಅಕ್ಕ.

“ಕಲಾಪೋಷಕರಾದ...”

“ನಾ ಆಕಳು ಪೋಷಣಿ ಮಾಡ್ತೇನಿ. ಸರಿಯಾಗಿ ಹೇಳೋ.”

ಪೇಟಿಯ ಸ್ವರ ಹಾಗೇ ಹಿಡಿದಿತ್ತು. “ಜಲ್ದಿ ಸಂಬಂಧ ಹೇಳ್ರಿ ಸರ, ಬೆರಳು ನೋಯಾಕತ್ತದ” ಎಂದರು ಮಾಸ್ತರು. ಖಾಜಾ ಕೈಯಲ್ಲಿ ಅರಿವೆ ಹಿಡಿದು ನಿಂತಿದ್ದ. ಅವನು ನನ್ನ ಕಡೆ ನೋಡಲೂ ಇಲ್ಲ. ಮತ್ತೊಂದು ಸುಳ್ಳು ಬರುತ್ತದೆ ಎಂದು ಕಾದು ನಿಂತವನ ಹಾಗೆ ನೆಲ ನೋಡುತ್ತಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಬೇಕಾದಾಗ ಬರುವ ಗ್ರಾಂಥಿಕ ಕನ್ನಡವೆಲ್ಲ ಆ ಗಳಿಗೆಯಲ್ಲಿ ನನ್ನನ್ನು ಬಿಟ್ಟು ಓಡಿಹೋಯಿತು. “ಕೇಳ್ರಿ! ಈಕಿ ನನ್ನ ಅಕ್ಕ. ಇವ ನನ್ನ ಜೋಡಿ ಸಂಸಾರ ಮಾಡಾವ. ರೂಮೂ ಇಲ್ಲ, ದೋಸ್ತನೂ ಅಲ್ಲ. ಇವರಿಬ್ಬರಿಗೂ ಏನ್ ಸಂಬಂಧ ಆಗ್ತದ ನನಗ ಹೇಳಾಕ ಬರವಲ್ದು, ನೀವ ತಿಳ್ಕೊರಿ!” ಎಂದೆ. ಎಷ್ಟೋ ವರ್ಷ ಮೈಕ್ ಹಿಡಿದವನು ಅಂದು ಮೊದಲ ಬಾರಿಗೆ ಸಂಬಂಧ ಹೇಳುವಲ್ಲಿ ಸೋತಿದ್ದೆ.

ಮಾಸ್ತರು ಸ್ವರ ಬಿಟ್ಟು ಪೇಟಿಯ ಮೇಲೆ ಕೈ ಓಡಿಸಿದರು. “ಮುಟ್ತು ಆಯೇರಿ!” ಎಂದರು. ಜನ ಎದ್ದು ಚಪ್ಪಾಳೆ ಹೊಡೆದರು. ರಾಜಕುಮಾರಿ ಪರದೆ ಸರಿಸಿ ಇಣುಕಿ ತಾವೂ ಹೊಡೆದರು. ಅಕ್ಕ ಖಾಜಾನ ಹೆಗಲಿಗೆ ಶಾಲು ಹೊದಿಸಿ, ರುಮಾಲು ಸುತ್ತಲು ನೋಡಿ, ಕಿರೀಟ ಅಡ್ಡ ಬಂದದ್ದರಿಂದ ಕಿರೀಟದ ಮೇಲೆಯೇ ಸುತ್ತಿ, ಬಾಯಿಗೆ ಸಕ್ಕರೆ ಹಾಕಿದಳು. ಖಾಜಾ ಸಕ್ಕರೆಯನ್ನೂ ಕಣ್ಣೀರನ್ನೂ ಒಟ್ಟಿಗೇ ನುಂಗಿದ. ನನಗೂ ಅಳು ಬಂತು. ಮೈಕ್ ಆನ್ ಇದ್ದುದರಿಂದ ಅದು ಹೊರಗಿನ ರಸ್ತೆಗೂ ಕೇಳಿಸಿತಂತೆ!

“ಇಷ್ಟು ಹೇಳಾಕ ಇಷ್ಟು ಬೆವರೇನೋ?” ಎಂದು ಅಕ್ಕ ಸೆರಗಿನಿಂದ ನನ್ನ ಹಣೆ ಒರೆಸಿದಳು.

ನಾನು ಮೆಲ್ಲಗೆ ಗಂಟಿನ ಕಡೆ ನೋಡಿದೆ. ಅದು ಖಾಲಿಯಾಗಿತ್ತು. “ಅಕ್ಕಾ, ನನಗೇನೂ ತಂದಿಲ್ಲೇನು?”

“ನಿನಗ್ಯಾಕ? ಆಯೇರಿ ಪಾರ್ಟ್ ಮಾಡಿದವರಿಗೆ. ನೀ ಎಲ್ಲಿ ಪಾರ್ಟ್ ಮಾಡೀ?”

“ಹನ್ನೆರಡು ವರ್ಷ ನಿಮ್ಮನಿ ಅಂಗಳದಾಗ ಮಾಡೀನಲ್ಲ!”

“ಅದನ್ನೂ ನೋಡೀನಿ ಬಿಡು” ಎಂದಳು ಅಕ್ಕ, ಗಂಟಿನ ಬಟ್ಟೆ ಮಡಚುತ್ತಾ. “ಅಳತಿ ತಗೊಳ್ಳಾಕ ಬಂದಾನ ಅಂದಿ, ಟೇಪ ತಂದಿದ್ದಿಲ್ಲ. ಮೊದಲನೇ ಸೀನಿಗೇ ಗೊತ್ತಾತು. ಅಂಥಾ ನಾಟಕಕ್ಕ ಯಾರ್ ಆಯೇರಿ ಮಾಡ್ತಾರ?”

ಖಾಜಾ ಆ ಅರಿವೆಯಲ್ಲಿ ಅಂಗಿ ಹೊಲಿದುಕೊಂಡ. ಗೋಗಿಗೆ ಹೋಗುವಾಗ ಅದನ್ನೇ ಹಾಕಿಕೊಂಡು ಈಗ ಅಡುಗೆಮನೆಯವರೆಗೂ ಹೋಗುತ್ತಾನೆ. ಉಳಿದ ತುಂಡಿನಲ್ಲಿ ನನಗೇನಾದರೂ ಆಗುತ್ತದೆಯೇ ಎಂದು ಕೇಳಿದೆ. ಅವನು ತಿರುಗಿಸಿ ಮುರುಗಿಸಿ ಅಳತೆ ನೋಡಿ ನನ್ನ ಮೈಕಿಗೊಂದು ಟೊಪ್ಪಿಗೆ ಹೊಲಿದುಕೊಟ್ಟ.